ನಡುಗಡಲಿನ ರಿಪೇರಿ: ಸಾಗರ ಪಂದ್ಯದ ಹಾಯಿದೋಣಿಗಳಲ್ಲಿ ಬದುಕು

ತೀರ ಬಿಟ್ಟು ನೂರಾರು ಅಥವಾ ಸಾವಿರಾರು ನಾಟಿಕಲ್ ಮೈಲು ದೂರವನ್ನು ಗಾಳಿಯ ಬಲವೊಂದರಿಂದಲೇ ಕ್ರಮಿಸಬೇಕಾದ ಹಾಯಿದೋಣಿ ಸ್ಪರ್ಧೆಗಳನ್ನು ಸಾಗರ ಪಂದ್ಯಗಳೆಂದು ಕರೆಯುತ್ತಾರೆ. ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ. ಕೊಚ್ಚಿಯಿಂದ ಗೋವಾವರೆಗಿನ ನಾಲ್ಕೈದು ದಿನಗಳ ಓಟವೂ ಸಾಗರ ಪಂದ್ಯವೇ. ಫ್ರಾನ್ಸಿನಿಂದ ಹೊರಟು ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳ ತೆಂಕಣ ಭೂಶಿರಗಳನ್ನು ಬಳಸಿ ಮತ್ತೆ ಫ್ರಾನ್ಸಿಗೇ ಬರುವ ಎಂಟು ತಿಂಗಳ ಒಂಟಿ ಯಾನವೂ ಸಾಗರ ಪಂದ್ಯವೇ. ಇಂಥ ಒಂಟಿ ಯಾನದ ಪಂದ್ಯವಾದ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ 2018ರಲ್ಲಿ ಹೊರಟವರು 18 ಮಂದಿ, ಗುರಿ ಮುಟ್ಟಿದವರು ಐವರು. 2022ರಲ್ಲಿ ಹೊರಟ 16 ಮಂದಿಯಲ್ಲಿ ಎಲ್ಲೂ ನಿಲ್ಲದೆ, ಹೊರಗಿನ ನೆರವಿಲ್ಲದೆ ಮುಖ್ಯ ವಿಭಾಗದಲ್ಲಿ ಉಳಿದು ಮುಗಿಸಿದವರು ಮೂವರೇ. ಮುರಿದ ಕೂವೆಮರ, ಸೀಳಿದ ಹಾಯಿ, ಸಡಿಲಗೊಂಡ ಬಿಗಿತಂತಿ, ಕೈಕೊಟ್ಟ ಚುಕ್ಕಾಣಿ, ದೋಣಿಯ ತಳಕ್ಕೆ ಮೆತ್ತಿಕೊಂಡ ಚಿಪ್ಪುಜೀವಿಗಳು ಎದುರಾಳಿಗಳಿಗಿಂತ ಹೆಚ್ಚು ಜನರನ್ನು ಸೋಲಿಸಿವೆ. ಹಾಗಾಗಿ ಸಾಗರ ಪಂದ್ಯದ ಚರಿತ್ರೆಯನ್ನು ದಾಖಲೆಗಳ ಪಟ್ಟಿಯಾಗಿ ಬರೆಯುವುದಕ್ಕಿಂತ ರಿಪೇರಿಗಳ ಚರಿತ್ರೆಯಾಗಿ ಬರೆಯುವುದು ಹೆಚ್ಚು ಪ್ರಾಮಾಣಿಕ.

ಕೆಂಗಲ್, ಚನ್ನಪಟ್ಟಣಗಳ ಓದುಗರಿಗೆ ಇದು ದೂರದ ಸಂಗತಿ ಎನಿಸಬಹುದು. ಆದರೆ ಇವರು ದಿನವೂ ಓಡಾಡುವ ಬೆಂಗಳೂರು–ಮೈಸೂರು ಹೆದ್ದಾರಿಯ ಎರಡೂ ತುದಿಗಳಲ್ಲಿ ಹಾಯಿದೋಣಿಗಳಿವೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ನೌಕಾಯಾನ ಕಲಿಯುತ್ತಾರೆ. ಆ ಕಡೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿದೋಣಿ ಸ್ಪರ್ಧೆಗಳು ನಡೆದಿವೆ. ಈ ಗ್ರೂಪ್ ಸೇರಿರುವ ಸೇನೆಯ ಎಂಜಿನಿಯರ್ ದಳವೇ ಭಾರತದ ಮೊದಲ ಭೂಪ್ರದಕ್ಷಿಣ ಯಾನವನ್ನು ಮಾಡಿದ್ದು. 'ತೃಷ್ಣಾ' ಎಂಬ 37 ಅಡಿಯ ಹಳೆಯ ದೋಣಿ ಕರ್ನಲ್ ಟಿ.ಪಿ.ಎಸ್. ಚೌಧರಿ ಅವರ ನಾಯಕತ್ವದಲ್ಲಿ 1985ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಗಾಸ್ಪೋರ್ಟ್‌ನಿಂದ ಹೊರಟು 1987ರ ಜನವರಿ 10ರಂದು ಮುಂಬಯಿ ಮುಟ್ಟಿತು. ಅದು ಪಂದ್ಯವಲ್ಲ, ಆದರೂ ಸೇತುವೆ ಕಟ್ಟುವ, ರಸ್ತೆ ಸರಿಪಡಿಸುವ ದಳವೊಂದು ಮೊದಲು ಸಮುದ್ರ ಸುತ್ತಿದ್ದು ಕಾಕತಾಳೀಯವಿರಲಾರದು.

ಪಂದ್ಯದ ದೋಣಿಯೊಳಗಿನ ದಿನಚರಿ ಗಡಿಯಾರಕ್ಕಿಂತ ಪಾಳಿಗೆ ಬದ್ಧ. ತಂಡವಿದ್ದರೆ ಸಾಮಾನ್ಯವಾಗಿ ನಾಲ್ಕು ಗಂಟೆ ದುಡಿಮೆ, ನಾಲ್ಕು ಗಂಟೆ ವಿಶ್ರಾಂತಿ. ವಿಶ್ರಾಂತಿಯ ನಾಲ್ಕು ಗಂಟೆಯಲ್ಲೇ ಒದ್ದೆ ಬಟ್ಟೆ ಕಳಚಬೇಕು, ಉಣ್ಣಬೇಕು, ನಿದ್ದೆ ಮಾಡಬೇಕು, ಮತ್ತೆ ಅದೇ ಒದ್ದೆ ಬಟ್ಟೆಯೊಳಗೆ ನುಸುಳಬೇಕು. ತೂಕ ಕಡಿಮೆ ಮಾಡಲು ಮಲಗುವ ಜಾಗಗಳನ್ನೂ ಎಣಿಸಿ ಇಟ್ಟಿರುತ್ತಾರೆ, ಆದ್ದರಿಂದ ಒಬ್ಬರು ಎದ್ದುಹೋದ ಬೆಚ್ಚಗಿನ ಹಾಸಿಗೆಗೆ ಇನ್ನೊಬ್ಬರು ಬಂದು ಬೀಳುತ್ತಾರೆ. ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡೇ ವಾರಗಟ್ಟಲೆ ಓಡುವುದರಿಂದ ಮಲಗಿದವರು ಉರುಳದಂತೆ ಹಾಸಿಗೆಯ ಅಂಚಿಗೆ ಬಟ್ಟೆಯ ತಡೆ ಕಟ್ಟಿರುತ್ತದೆ. ಒಂಟಿ ನಾವಿಕರಿಗೆ ಈ ಐಷಾರಾಮವೂ ಇಲ್ಲ. ಹಡಗುಗಳ ಓಡಾಟವಿರುವ ಕಡೆ ಅವರ ನಿದ್ದೆ ಇಪ್ಪತ್ತು, ಮೂವತ್ತು ನಿಮಿಷದ ತುಣುಕುಗಳಲ್ಲಿ ಮುಗಿಯುತ್ತದೆ. ಪ್ರತಿ ತುಣುಕಿನ ನಡುವೆ ಮೇಲೆ ಬಂದು ದಿಗಂತವನ್ನು ಒಮ್ಮೆ ಸುತ್ತ ನೋಡಬೇಕು.

ಊಟ ಎಂದರೆ ಬಹುಪಾಲು ನೀರಿನಂಶ ತೆಗೆದು ಒಣಗಿಸಿದ ಆಹಾರದ ಪೊಟ್ಟಣ ಮತ್ತು ಬಿಸಿನೀರು. ದೊಡ್ಡ ಪಂದ್ಯಗಳ ಆಧುನಿಕ ದೋಣಿಗಳಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರವಿರುತ್ತದೆ. ಮೊದಲ ಪಂದ್ಯ ನಡೆದ 1968ರ ಕಾಲದ ರೀತಿಯಲ್ಲೇ ನಡೆಯುವ ಗೋಲ್ಡನ್ ಗ್ಲೋಬ್‌ನಲ್ಲಿ ಹಾಯಿಯಿಂದ ಇಳಿಯುವ ಮಳೆನೀರನ್ನು ಬಕೆಟ್ಟಿನಲ್ಲಿ ಹಿಡಿಯುವುದೇ ಮುಖ್ಯ ದಾರಿ. ಸಿಹಿನೀರಿನ ಸ್ನಾನ ಅಪರೂಪ. ಉಪ್ಪು ಚರ್ಮಕ್ಕೆ ಹತ್ತಿ ಕುಳಿತಲ್ಲೆಲ್ಲ ಹುಣ್ಣೇಳುತ್ತದೆ. ಶೌಚಕ್ಕೆ ಎಷ್ಟೋ ದೋಣಿಗಳಲ್ಲಿ ಬಕೆಟ್ಟೇ ಗತಿ. ಈ ಯಾನಗಳ ಬಗ್ಗೆ ಬರೆಯುವವರು ಸೂರ್ಯಾಸ್ತದ ವರ್ಣನೆಗೆ ಕೊಡುವ ಜಾಗದಲ್ಲಿ ಕಾಲುಭಾಗವನ್ನೂ ಇದಕ್ಕೆ ಕೊಡುವುದಿಲ್ಲ.

ರಿಪೇರಿಗೆ ಬೇರೆಯಾಗಿ ವೇಳೆ ಎಂಬುದಿಲ್ಲ. ಬೆಳಿಗ್ಗೆ ದೋಣಿಯ ಉದ್ದಕ್ಕೂ ಒಂದು ಸುತ್ತು ಹಾಕಿ, ಸವೆದ ಹಗ್ಗ, ಸಡಿಲಾದ ಬೋಲ್ಟ್, ಹಾಯಿಯ ಬಿಚ್ಚಿದ ಹೊಲಿಗೆ ಹುಡುಕುವುದು ಒಳ್ಳೆಯ ನಾವಿಕರ ವಾಡಿಕೆ. ಡೆಕ್ಕಿನ ಮೇಲೆ ಬಿದ್ದಿರುವ ಒಂದು ಸಣ್ಣ ಪಿನ್ನು ಅವರಿಗೆ ದೊಡ್ಡ ಸುದ್ದಿ, ಏಕೆಂದರೆ ಅದು ಮೇಲೆ ಎಲ್ಲಿಂದಲೋ ಉದುರಿರುತ್ತದೆ. ಹಾಯಿ ಹೊಲಿಯಲು ದಪ್ಪ ಸೂಜಿ, ಮೇಣ ಹಚ್ಚಿದ ದಾರ, ಸೂಜಿ ಒತ್ತಲು ಅಂಗೈಗೆ ತೊಡುವ ಚರ್ಮದ ಪಟ್ಟಿ. ಬಿರುಕಿಗೆ ಎಪಾಕ್ಸಿ ಅಂಟು ಮತ್ತು ಕಾರ್ಬನ್ ಬಟ್ಟೆ. ತಂತಿ ಹರಿದರೆ ಕಟ್ಟಲು ಉಕ್ಕಿನಷ್ಟೇ ಗಟ್ಟಿಯಾದ ಡೈನೀಮಾ ಹಗ್ಗ. ಇವುಗಳ ಜೊತೆಗೆ ತಂತಿ ಕತ್ತರಿಸುವ ಭಾರಿ ಕತ್ತರಿಯೊಂದು ಕೈಗೆಟುಕುವ ಕಡೆ ಇರಲೇಬೇಕು. ಕೂವೆಮರ ಮುರಿದು ಸಮುದ್ರಕ್ಕೆ ಬಿದ್ದರೆ ತಂತಿಗಳಿಗೆ ಜೋತುಬಿದ್ದು, ಪ್ರತಿ ಅಲೆಗೂ ದೋಣಿಯ ಮೈಗೆ ಗುದ್ದಿ ತೂತು ಕೊರೆಯುತ್ತದೆ. ಆಗ ಲಕ್ಷಾಂತರ ರೂಪಾಯಿಯ ಮರವನ್ನು ಕತ್ತರಿಸಿ ಕಡಲಿಗೆ ಬಿಡುವುದೇ ಮೊದಲ ರಿಪೇರಿ.

ಈ ಕಸುಬಿನ ಶ್ರೇಷ್ಠ ಉದಾಹರಣೆ ಭಾರತದಲ್ಲಿ ಕಟ್ಟಿದ ದೋಣಿಯೊಂದರದು. ಬ್ರಿಟನ್ನಿನ ವ್ಯಾಪಾರಿ ಹಡಗಿನ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿಸಿದ 32 ಅಡಿಯ 'ಸುಹೈಲಿ' 1968ರಲ್ಲಿ ಮೊದಲ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಇಳಿಯಿತು. ಸ್ಪರ್ಧಿಗಳು ಒಂಬತ್ತು ಮಂದಿ. ಅಟ್ಲಾಂಟಿಕ್‌ನಲ್ಲೇ ದೋಣಿಯೊಳಕ್ಕೆ ನೀರು ಬರತೊಡಗಿತು. ಆತ ಧುಮುಕಿ ನೋಡಿದರೆ ತಳದ ಹತ್ತಿರ ಹಲಗೆಗಳ ಸಂದು ತೆರೆದುಕೊಳ್ಳುತ್ತ, ಮುಚ್ಚಿಕೊಳ್ಳುತ್ತ ಇತ್ತು. ನೀರಿನಡಿ ಉಸಿರು ಬಿಗಿಹಿಡಿದು ಸಂದಿಗೆ ಹತ್ತಿ ತುರುಕುವ ಮೊದಲ ಯತ್ನ ಫಲಿಸಲಿಲ್ಲ. ಕ್ಯಾನ್ವಾಸಿನ ಉದ್ದ ಪಟ್ಟಿಗೆ ಹತ್ತಿಯನ್ನು ಹೊಲಿದು, ಡಾಂಬರು ಬಳಿದು, ತಾಮ್ರದ ಮೊಳೆಗಳಿಂದ ಸಂದಿನ ಮೇಲೆ ಹೊಡೆದು, ಅದರ ಮೇಲೆ ತಾಮ್ರದ ತಗಡು ಕೂರಿಸಿದ. ನಡುವೆ ಶಾರ್ಕ್ ಒಂದು ಸುತ್ತತೊಡಗಿದಾಗ ಮೇಲೆ ಬಂದು ಕೋವಿಯಿಂದ ಅದನ್ನು ಕೊಂದು ಮತ್ತೆ ನೀರಿಗಿಳಿದ. ಕನಕಪುರದಾಚೆ ಸಂಗಮದಲ್ಲಿ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುವುದನ್ನು ಕಂಡವರಿಗೆ ಈ ವಿದ್ಯೆ ಹೊಸದಲ್ಲ. ಹರಿಗೋಲನ್ನು ದಡಕ್ಕೆ ಮಗುಚಿ ಹಾಕಿ ಬಳಿಯುತ್ತಾರೆ, ನಾಕ್ಸ್-ಜಾನ್‌ಸ್ಟನ್ ತೇಲುತ್ತಿದ್ದ ದೋಣಿಯ ಕೆಳಗೆ ಮುಳುಗಿ ಬಳಿದ, ಅಷ್ಟೇ.

ಮುಂದೆ ಆತನ ದೋಣಿಯಲ್ಲಿ ಮುರಿಯದೆ ಉಳಿದದ್ದು ಕಡಿಮೆ. ತಾನೇ ಚುಕ್ಕಾಣಿ ಹಿಡಿಯುವ ಗಾಳಿಯಂತ್ರ ಹೋಯಿತು, ರೇಡಿಯೊ ಕೈಕೊಟ್ಟಿತು, ಕುಡಿಯುವ ನೀರು ಕೆಟ್ಟಿತು. ಎಂಜಿನ್ನಿನ ಕಿಡಿಬಿಂದುಗಳ ನಡುವಿನ ತೀರ ಸಣ್ಣ ಅಂತರವನ್ನು ಅಳೆಯುವ ಉಪಕರಣ ಇಲ್ಲದಾಗ ಪುಸ್ತಕವೊಂದರ ಹಾಳೆಗಳನ್ನು ಎಣಿಸಿ, ಒಂದು ಹಾಳೆಯ ದಪ್ಪ ಲೆಕ್ಕ ಹಾಕಿ ಆ ಅಂತರವನ್ನು ಹೊಂದಿಸಿದ. 1969ರ ಏಪ್ರಿಲ್ 22ರಂದು ಫಾಲ್ಮತ್‌ಗೆ ಬಂದಾಗ ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲ ಮನುಷ್ಯನೆನಿಸಿದ. ಆ ಪಂದ್ಯವನ್ನು ಮುಗಿಸಿದವನೂ ಅವನೊಬ್ಬನೇ.

ಸುಹೈಲಿಯ ಮಾದರಿಯಲ್ಲೇ ಗೋವಾದ ಅಕ್ವೇರಿಯಸ್ ಶಿಪ್‌ಯಾರ್ಡ್ 'ತುರಿಯಾ' ಎಂಬ ದೋಣಿ ಕಟ್ಟಿತು. 2018ರಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯ ಮತ್ತೆ ಆರಂಭವಾದಾಗ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಅದನ್ನೇ ಏರಿ ಹೊರಟರು. ಅವರು ಈ ಕಡಲಿಗೆ ಹೊಸಬರಲ್ಲ. 2012ರ ನವೆಂಬರ್‌ನಿಂದ 2013ರ ಮಾರ್ಚ್‌ವರೆಗೆ ನೌಕಾಪಡೆಯ ಹಾಯಿದೋಣಿ ಐಎನ್‌ಎಸ್‌ವಿ ಮಾದೇಯಿಯಲ್ಲಿ ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಪರ್ತ್ ನಗರದಿಂದ ಸುಮಾರು 1,900 ನಾಟಿಕಲ್ ಮೈಲು ದೂರದಲ್ಲಿ ಬಿರುಗಾಳಿ ತುರಿಯಾವನ್ನು ಉರುಳಿಸಿತು. ಕೂವೆಮರಗಳು ಮುರಿದವು, ಅವರ ಬೆನ್ನುಮೂಳೆಗೆ ಭಾರಿ ಪೆಟ್ಟಾಯಿತು, ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಇಂಥ ಸ್ಥಿತಿಯಲ್ಲಿ ಯಾವ ರಿಪೇರಿಯೂ ಇಲ್ಲ. ಫ್ರಾನ್ಸಿನ ಮೀನುಗಾರಿಕೆ ಗಸ್ತು ನೌಕೆ 'ಓಸಿರಿಸ್' ಮೂರು ದಿನದ ಮೇಲೆ ಬಂದು ಅವರನ್ನು ಎತ್ತಿಕೊಂಡು ಆಮ್‌ಸ್ಟರ್‌ಡಾಮ್ ಎಂಬ ಪುಟ್ಟ ದ್ವೀಪಕ್ಕೆ ಒಯ್ದಿತು. ಅಲ್ಲಿಂದ ಭಾರತದ ಯುದ್ಧನೌಕೆ ಐಎನ್‌ಎಸ್ ಸಾತ್ಪುರ ಕರೆತಂದಿತು. ಬೆನ್ನಿಗೆ ಟೈಟಾನಿಯಂ ಸರಳುಗಳನ್ನು ಕೂರಿಸಲಾಯಿತು.

ಅದೇ ಪಂದ್ಯದಲ್ಲಿ 73ರ ವಯಸ್ಸಿನ ಫ್ರೆಂಚ್ ನಾವಿಕ ಝಾನ್-ಲ್ಯೂಕ್ ವಾನ್ ಡೆನ್ ಹೀಡ್ ಅವರ 'ಮಾತ್‌ಮ್ಯೂಟ್' ಕೂಡ ಉರುಳಿತು. ಮರ ನಿಂತಿತ್ತು, ಆದರೆ ಕೆಳಗಿನ ಬಿಗಿತಂತಿಗಳು ಮರಕ್ಕೆ ಸೇರುವ ಜಾಗ ಕಿತ್ತು ಜಾರಿತ್ತು. ಮೊದಲು ಚಿಲಿಯ ಬಂದರಿಗೆ ಹೋಗಿ ಸರಿಮಾಡಿಸುವ ಯೋಚನೆ ಮಾಡಿದರು. ಹೊರಗಿನ ನೆರವು ಪಡೆದರೆ ಮುಖ್ಯ ವಿಭಾಗದಿಂದ ಹೊರಬೀಳಬೇಕು. ಹಾಗಾಗಿ ಆ ಯೋಚನೆ ಬಿಟ್ಟು ಅವರು ಮತ್ತೆ ಮತ್ತೆ ಮರವೇರಿ, ಹಗ್ಗದಿಂದ ಆ ಜಾಗವನ್ನು ಬಿಗಿದು, ಮರಕ್ಕೆ ಹೆಚ್ಚು ಒತ್ತಡ ಬೀಳದಂತೆ ಹಾಯಿ ಕಡಿಮೆ ಮಾಡಿಕೊಂಡು ಓಡಿಸಿ 2019ರ ಜನವರಿ 29ರಂದು ಮೊದಲಿಗರಾಗಿ ಗುರಿ ಮುಟ್ಟಿದರು. ಕೊನೆಯವರಾಗಿ ಬಂದ ಫಿನ್ಲೆಂಡಿನ ತಾಪಿಯೊ ಲೆಹ್ತಿನೆನ್‌ಗೆ 322 ದಿನ ಹಿಡಿಯಿತು. ಅವರನ್ನು ನಿಧಾನಗೊಳಿಸಿದ್ದು ಮುರಿತವಲ್ಲ. ತಳಕ್ಕೆ ಹತ್ತಿದ ಬಾರ್ನಕಲ್‌ಗಳೆಂಬ ಚಿಪ್ಪುಜೀವಿಗಳು ವೇಗವನ್ನೆಲ್ಲ ತಿಂದಿದ್ದವು. ಅವನ್ನು ಕೆರೆದು ತೆಗೆಯಲು ನಡುಗಡಲಲ್ಲಿ ನೀರಿಗಿಳಿಯಬೇಕು, ಅದಕ್ಕೆ ಗಾಳಿ ನಿಂತ ದಿನ ಸಿಗಬೇಕು, ಸುತ್ತ ಶಾರ್ಕ್ ಇರಬಾರದು. ಇವೆಲ್ಲ ಒಟ್ಟಿಗೆ ಕೂಡಿಬರುವುದು ಕಷ್ಟ.

ಅಭಿಲಾಷ್ ಟೋಮಿ 2022ರ ಸೆಪ್ಟೆಂಬರ್ 4ರಂದು ಫ್ರಾನ್ಸಿನ ಲೇ ಸಾಬ್ಲ್ ದೊಲೋನ್ ಬಂದರಿನಿಂದ ಮತ್ತೆ ಹೊರಟರು, ಈ ಸಲ 36 ಅಡಿಯ 'ಬಯಾನತ್' ಎಂಬ ದೋಣಿಯಲ್ಲಿ. ಗೋಲ್ಡನ್ ಗ್ಲೋಬ್‌ನ ನಿಯಮದಂತೆ ಉಪಗ್ರಹ ಆಧಾರಿತ ದಾರಿಸೂಚಿ ಬಳಸುವಂತಿಲ್ಲ. ಕಾಗದದ ನಕಾಶೆ ಮತ್ತು ಸೂರ್ಯನ ಎತ್ತರ ಅಳೆಯುವ ಸೆಕ್ಸ್‌ಟೆಂಟ್ ಇವೇ ದಾರಿ ತೋರಿಸಬೇಕು. ವಿದ್ಯುತ್ತಿನ ಆಟೋಪೈಲಟ್ ಕೂಡ ಇಲ್ಲ. ಅದರ ಕೆಲಸವನ್ನು ದೋಣಿಯ ಹಿಂಬದಿಯಲ್ಲಿರುವ ವಿಂಡ್‌ವೇನ್ ಮಾಡುತ್ತದೆ: ಗಾಳಿಗೆ ತಿರುಗುವ ಒಂದು ಹಲಗೆ, ನೀರಿನೊಳಗಿನ ಒಂದು ಅಲಗು, ನಡುವೆ ಸರಳ ಯಾಂತ್ರಿಕ ಜೋಡಣೆ. ಇದು ಮುರಿದರೆ ಒಂಟಿ ನಾವಿಕ ಹಗಲಿರುಳು ತಾನೇ ಚುಕ್ಕಾಣಿಗೆ ಅಂಟಿಕೊಳ್ಳಬೇಕು. ಟೋಮಿ ತಂದಿದ್ದ ಬಿಡಿಭಾಗಗಳು ತೀರಿದ ಮೇಲೆ ದೋಣಿಯ ಶೌಚಾಲಯದ ಬಾಗಿಲನ್ನೇ ಕತ್ತರಿಸಿ ವಿಂಡ್‌ವೇನಿಗೆ ಬಳಸಿದರು. ಒಂಟಿಯಾಗಿರುವವನಿಗೆ ಆ ಬಾಗಿಲಿನ ಅಗತ್ಯ ಎಷ್ಟರದು? 2023ರ ಏಪ್ರಿಲ್ 29ರಂದು, 236 ದಿನಗಳ ನಂತರ, ಎರಡನೆಯವರಾಗಿ ಮರಳಿದರು.

ಅವರಿಗಿಂತ ಎರಡು ದಿನ ಮೊದಲು ಬಂದ ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಪಂದ್ಯ ಗೆದ್ದರು. ಭೂಶಿರಗಳನ್ನು ಸುತ್ತುವ ಒಂಟಿ ಭೂಪ್ರದಕ್ಷಿಣ ಪಂದ್ಯವನ್ನು ಮಹಿಳೆಯೊಬ್ಬರು ಗೆದ್ದದ್ದು ಅದೇ ಮೊದಲು. ಹಿಂದೂ ಮಹಾಸಾಗರದಲ್ಲಿ ಲೆಹ್ತಿನೆನ್ ಅವರ 'ಆಸ್ಟೇರಿಯಾ' ಹಿಂಬದಿಯಿಂದ ನೀರು ನುಗ್ಗಿ ಕೆಲವೇ ನಿಮಿಷಗಳಲ್ಲಿ ಮುಳುಗಿದಾಗ ಓಟ ಬಿಟ್ಟು ಹೋಗಿ ಜೀವರಕ್ಷಕ ತೆಪ್ಪದಲ್ಲಿದ್ದ ಅವರನ್ನು ಎತ್ತಿಕೊಂಡವರೂ ಇವರೇ. ವಾಸ್ತವವಾಗಿ ಅವರು ಗುರಿ ಮುಟ್ಟಿದ ದಿನ ಬಂದರಿಗೆ ಎಲ್ಲರಿಗಿಂತ ಮೊದಲು ತಲಪಿದ್ದು ಬ್ರಿಟನ್ನಿನ ಸೈಮನ್ ಕರ್ವೆನ್. ಆದರೆ ಮುಂಚೂಣಿಯಲ್ಲಿದ್ದಾಗ ಅವರ ವಿಂಡ್‌ವೇನ್ ಮುರಿದು, ಸರಿಪಡಿಸಲು ಚಿಲಿಯಲ್ಲಿ ನಿಲ್ಲಬೇಕಾಯಿತು. ಒಂದು ಸಲ ನಿಂತವರಿಗೆ ಬೇರೆಯೇ ವಿಭಾಗ. ಮೊದಲು ಬಂದವರು ವಿಜೇತರಲ್ಲದ ಈ ಫಲಿತಾಂಶ ವಿಚಿತ್ರವೆನಿಸಿದರೂ ನ್ಯಾಯವಾದದ್ದೇ. ಇಲ್ಲಿ ದೋಣಿಯನ್ನು ತಾನೇ ನೆಟ್ಟಗಿಡುವುದು ಪಂದ್ಯದ ಒಂದು ಭಾಗ.

ಎಲ್ಲೂ ನಿಲ್ಲದ ಇನ್ನೊಂದು ಒಂಟಿ ಪಂದ್ಯವಾದ ವಾಂದೇ ಗ್ಲೋಬ್‌ನ ನಿಯಮ ಸ್ವಲ್ಪ ಜಾಣತನದ್ದು. ಲಂಗರು ಹಾಕಬಹುದು, ಆದರೆ ಯಾರ ನೆರವೂ ಪಡೆಯುವಂತಿಲ್ಲ. 2000–01ರ ಪಂದ್ಯದಲ್ಲಿ ಈವ್ ಪಾರ್ಲಿಯೇ ಈ ಸಂದಿಯನ್ನು ಪೂರ್ತಿ ಬಳಸಿಕೊಂಡರು. ಮರ ಮುರಿದ ಮೇಲೆ ನ್ಯೂಜಿಲೆಂಡಿನ ತೆಂಕಣದ ಸ್ಟೂವರ್ಟ್ ದ್ವೀಪದ ಮರೆಗೆ ಬಂದು ಲಂಗರು ಹಾಕಿ, ತುಂಡುಗಳನ್ನು ಕಾರ್ಬನ್ನಿನಿಂದ ಜೋಡಿಸಿದರು. ಕಾರ್ಬನ್ನಿನ ಅಂಟು ಗಟ್ಟಿಯಾಗಲು ಶಾಖ ಬೇಕು, ಅಲ್ಲಿ ಚಳಿ. ವಿದ್ಯುತ್ ಬಲ್ಬುಗಳನ್ನು ಉರಿಸಿ ಸುತ್ತ ಹೊದಿಕೆ ಮುಚ್ಚಿ ಒಲೆಯನ್ನೇ ಮಾಡಿಕೊಂಡರು. ಮರವನ್ನು ಒಬ್ಬರೇ ಎತ್ತಿ ನಿಲ್ಲಿಸಿದರು. ತಂದ ಆಹಾರ ಸಾಲದೆ ಕಡಲಪಾಚಿಯನ್ನೂ ಮೀನನ್ನೂ ತಿಂದು 126 ದಿನಗಳಲ್ಲಿ ಯಾನ ಮುಗಿಸಿದರು.

ದೋಣಿಯ ಜೊತೆ ಮೈಯೂ ಮುರಿಯುತ್ತದೆ. 1992–93ರ ವಾಂದೇ ಗ್ಲೋಬ್‌ನಲ್ಲಿ ಬರ್ತ್ರಾಂ ದ ಬ್ರೋಕ್ ವೈದ್ಯರ ದೂರದ ಸೂಚನೆಯಂತೆ ತಮ್ಮ ನಾಲಿಗೆಗೆ ತಾವೇ ಹೊಲಿಗೆ ಹಾಕಿಕೊಂಡರು. 1996–97ರಲ್ಲಿ ಸಹನಾವಿಕ ರಫಾಯೆಲ್ ದಿನೆಲ್ಲಿಯನ್ನು ರಕ್ಷಿಸಲು ಬಿರುಗಾಳಿಗೆ ಎದುರಾಗಿ ಹಿಂದಿರುಗಿದ್ದ ಪೀಟ್ ಗಾಸ್, ಮುಂದೆ ತಮ್ಮ ಮೊಣಕೈಯನ್ನು ತಾವೇ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿಕೊಂಡರು.

ತಂಡದ ಪಂದ್ಯಗಳಲ್ಲಿ ಕೈಗಳು ಹೆಚ್ಚು, ದೋಣಿಯ ವೇಗ ಹೆಚ್ಚು, ಪೆಟ್ಟೂ ಹೆಚ್ಚು. 2023ರ ಓಷನ್ ರೇಸ್‌ನ ಮೂರನೆಯ ಹಂತ ಕೇಪ್‌ಟೌನ್‌ನಿಂದ ಬ್ರೆಜಿಲ್‌ನ ಇತಜಾಯ್‌ವರೆಗೆ 12,750 ನಾಟಿಕಲ್ ಮೈಲಿನದು. ಅದರ ಆರಂಭದಲ್ಲೇ ಮಲಿಝಿಯಾ ತಂಡದ ದೋಣಿಯಲ್ಲಿ ಕೂವೆಮರದ ತುದಿಯ ಸಮೀಪ ಬಿರುಕು ಕಂಡಿತು. ತೂಗಾಡುವ ಮರವನ್ನು ಸುಮಾರು ಹತ್ತು ಮಹಡಿಯೆತ್ತರ ಏರಿ, ಬಿರುಕಿನ ಸುತ್ತ ಕಾರ್ಬನ್ ಪಟ್ಟಿ ಸುತ್ತಿ ಗಟ್ಟಿಮಾಡಿದರು. ಹಿಂತಿರುಗುವ ಮಾತೂ ಬಂದಿತ್ತು. ಮುಂದುವರಿದು ಆ ಹಂತವನ್ನೇ ಗೆದ್ದರು. ಇದೇ ಪಂದ್ಯದ ಹಿಂದಿನ ಒಂದು ಆವೃತ್ತಿಯಲ್ಲಿ, 2014ರ ನವೆಂಬರ್‌ನಲ್ಲಿ, ವೆಸ್ಟಾಸ್ ವಿಂಡ್ ಎಂಬ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಹವಳದ ದಿಬ್ಬಕ್ಕೆ ಏರಿ ಸಿಕ್ಕಿಕೊಂಡಿತು. ಅದನ್ನು ಇಟಲಿಗೆ ಒಯ್ದು ಬಹುಪಾಲು ಹೊಸದಾಗಿ ಕಟ್ಟಿದರು. ಪಂದ್ಯ ಮುಗಿಯುವ ಮುನ್ನ ಲಿಸ್ಬನ್‌ನಲ್ಲಿ ಮತ್ತೆ ಸೇರಿಕೊಂಡಿತು.

ಕನ್ನಡ ನಾಡಿಗೆ ಅತಿ ಸಮೀಪದ ಸಾಗರ ಪಂದ್ಯ ನಡೆದದ್ದು 2022ರ ನವೆಂಬರ್ 22ರಿಂದ 26ರವರೆಗೆ, ಕರ್ನಾಟಕದ ಕರಾವಳಿಯುದ್ದಕ್ಕೂ. ಕೊಚ್ಚಿಯಿಂದ ಗೋವಾಕ್ಕೆ ಸುಮಾರು 360 ನಾಟಿಕಲ್ ಮೈಲಿನ ಈ ನೌಕಾಪಡೆಯ ಪಂದ್ಯದಲ್ಲಿ 40 ಅಡಿಯ ಬುಲ್‌ಬುಲ್, ನೀಲಕಂಠ್, ಕಡಲ್‌ಪುರ, ಹರಿಯಾಲ್ ಮತ್ತು 56 ಅಡಿಯ ಮಾದೇಯಿ, ತಾರಿಣಿ ಎಂಬ ಆರು ದೋಣಿಗಳಿದ್ದವು. ದಾರಿಯಲ್ಲಿ ಮಂಗಳೂರು, ಮಲ್ಪೆ, ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪ, ಕಾರವಾರ ಬರುತ್ತವೆ. ಈ ಕಡಲಿನ ಅಪಾಯ ದಕ್ಷಿಣ ಸಾಗರದ ಬಿರುಗಾಳಿಯಂಥದ್ದಲ್ಲ. ಹಗಲು ಸಮುದ್ರದಿಂದ, ರಾತ್ರಿ ನೆಲದಿಂದ ಬೀಸುವ ಗಾಳಿಯ ನಡುವೆ ಗಂಟೆಗಟ್ಟಲೆ ನಿಶ್ಚಲತೆ ಬರುತ್ತದೆ. ಕತ್ತಲಲ್ಲಿ ಮೀನುಗಾರರ ಬಲೆ ಚುಕ್ಕಾಣಿಗೆ ಸುತ್ತಿಕೊಂಡರೆ ಒಬ್ಬರು ಚಾಕು ಹಿಡಿದು ನೀರಿಗಿಳಿಯಲೇಬೇಕು. ಬಲೆ ಕತ್ತರಿಸಿದರೆ ಮೀನುಗಾರನ ನಷ್ಟ, ಬಿಡಿಸುತ್ತ ಕುಳಿತರೆ ಪಂದ್ಯದ ನಷ್ಟ.

ಮಾದೇಯಿ ದೋಣಿ ಹೆಸರು ಪಡೆದದ್ದು ಕನ್ನಡಿಗರಿಗೆ ಕಳಸಾ–ಬಂಡೂರಿ ವಿವಾದದಿಂದ ಚಿರಪರಿಚಿತವಾದ ಮಹದಾಯಿಯಿಂದ. ನದಿ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಗೋವಾದಲ್ಲಿ ಅದೇ ಮಾಂಡೋವಿ. ಆ ನದಿಯ ದಿವಾಡಿ ದ್ವೀಪದಲ್ಲಿ ಅಕ್ವೇರಿಯಸ್ ಶಿಪ್‌ಯಾರ್ಡ್ ಕಟ್ಟಿದ ಈ ದೋಣಿಯಲ್ಲಿ ದಿಲೀಪ್ ದೊಂದೆ 2009–10ರಲ್ಲಿ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯರಾದರು. ಕೇಪ್‌ಟೌನ್‌ನಿಂದ ಅಟ್ಲಾಂಟಿಕ್ ದಾಟಿ ರಿಯೊ ಡಿ ಜನೈರೊ ಸೇರುವ ಪಂದ್ಯದಲ್ಲಿ ಮಾದೇಯಿ ಭಾಗವಹಿಸಿತು, 2023ರಲ್ಲಿ ಅದರ ತಂಗಿಯಂತಿರುವ ತಾರಿಣಿಯೂ ಹೋಯಿತು.

ತಾರಿಣಿ ಮಹಿಳೆಯರ ದೋಣಿಯೆಂದೇ ಹೆಸರಾಗಿದೆ. ವರ್ತಿಕಾ ಜೋಶಿ ನೇತೃತ್ವದ ಆರು ಮಂದಿ ನೌಕಾಪಡೆಯ ಅಧಿಕಾರಿಣಿಯರು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು 254 ದಿನಗಳಲ್ಲಿ ಭೂಮಿ ಸುತ್ತಿ 2018ರ ಮೇ 21ರಂದು ಮರಳಿದರು. ನಿಲುಗಡೆ ನಾಲ್ಕೇ ಎಂದು ಗೊತ್ತುಮಾಡಲಾಗಿತ್ತು: ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟಾನ್ಲಿ, ಕೇಪ್‌ಟೌನ್. ಮನೆ ಹತ್ತಿರವಾಗುತ್ತಿದ್ದಂತೆ ಚುಕ್ಕಾಣಿಯ ಯಂತ್ರ ಕೆಟ್ಟು ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ಐದನೆಯ ಸಲ ನಿಲ್ಲಬೇಕಾಯಿತು. ಪಂದ್ಯವಾಗಿದ್ದರೆ ಈ ನಿಲುಗಡೆ ಕರ್ವೆನ್‌ಗೆ ಆದಂತೆ ವಿಭಾಗವನ್ನೇ ಬದಲಿಸುತ್ತಿತ್ತು. ಯಾನವಾದ್ದರಿಂದ ಸರಿಪಡಿಸಿಕೊಂಡು ಹೊರಟರು. 2024ರ ಅಕ್ಟೋಬರ್ 2ರಂದು ಅದೇ ತಾರಿಣಿಯಲ್ಲಿ ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರೇ ಹೊರಟರು. ಆರು ಜನರ ಪಾಳಿ ಇಬ್ಬರಿಗೆ ಇಳಿದಾಗ ಒಬ್ಬರು ರಿಪೇರಿಗೆ ಕುಳಿತರೆ ಇನ್ನೊಬ್ಬರೇ ದೋಣಿ ನಡೆಸಬೇಕು, ಒಬ್ಬರು ಮರವೇರಿದರೆ ಹಗ್ಗ ಹಿಡಿಯುವವರು ಇನ್ನೊಬ್ಬರೇ. ನೆಲದಿಂದ ಅತ್ಯಂತ ದೂರದ ಸಾಗರಬಿಂದುವಾದ ಪಾಯಿಂಟ್ ನೀಮೊವನ್ನು 2025ರ ಜನವರಿಯಲ್ಲಿ ದಾಟಿ, ಕೇಪ್ ಹಾರ್ನ್ ಬಳಸಿ, ಸುಮಾರು 25,600 ನಾಟಿಕಲ್ ಮೈಲು ಸಾಗಿ ಮೇ 29ರಂದು ಗೋವಾಕ್ಕೆ ಬಂದರು. ಇವರಿಬ್ಬರಿಗೂ ತರಬೇತಿ ಕೊಟ್ಟವರಲ್ಲಿ ಬಯಾನತ್‌ನ ಟೋಮಿ ಒಬ್ಬರು.